ತಗ್ಗು ಸೇತುವೆ, ಎತ್ತರದ ಬೋಟು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೂರ್ವಾರ್ಧವನ್ನು ನೀರಿನ ಮೇಲೆಯೇ ಒಂದು ಸುತ್ತು ಹಾಕುವ ದಾರಿಗೆ ಗ್ರೇಟ್ ಲೂಪ್ ಎಂದು ಹೆಸರು. ಅಟ್ಲಾಂಟಿಕ್ ಕರಾವಳಿ, ಹಡ್ಸನ್ ನದಿ, ಈರಿ ಕಾಲುವೆ, ಮಹಾ ಸರೋವರಗಳು, ಶಿಕಾಗೊ, ಇಲಿನಾಯ್ ನದಿ, ಅಲ್ಲಿಂದ ದಕ್ಷಿಣಕ್ಕೆ ಮೆಕ್ಸಿಕೊ ಕೊಲ್ಲಿ, ಕೊನೆಗೆ ಫ್ಲಾರಿಡಾ. ಎಲ್ಲ ಸೇರಿ ಸುಮಾರು 6,000 ಮೈಲಿ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೋಟು ಕೊಳ್ಳುವ ಯೋಚನೆಯಲ್ಲಿರುವವರು ಎಂಜಿನ್, ಹಾಸಿಗೆ, ಅಡುಗೆಮನೆ ಎಲ್ಲವನ್ನೂ ವಿಚಾರಿಸುತ್ತಾರೆ, ಬೋಟಿನ ಎತ್ತರ ಮಾತ್ರ ಕೊನೆಗೆ ನೆನಪಾಗುತ್ತದೆ. ಈ ದಾರಿಯಲ್ಲಿ ಎತ್ತರವೇ ಮೊದಲ ಪ್ರಶ್ನೆಯಾಗಬೇಕು. ಅದಕ್ಕಾಗಿಯೇ ಈ ಪುಟ.

ಏರ್ ಡ್ರಾಫ್ಟ್ ಎಂದರೆ ಏನು?

ನೀರಿನ ಮಟ್ಟದಿಂದ ಬೋಟಿನ ಮೇಲೆ ಅಲ್ಲಾಡದೆ ನಿಂತಿರುವ ಅತಿ ಎತ್ತರದ ವಸ್ತುವಿನ ತುದಿಯವರೆಗಿನ ಅಳತೆ. ಆ ವಸ್ತು ಕಂಬದ ತುದಿಯ ದೀಪ ಇರಬಹುದು, ರೇಡಾರ್ ಇರಬಹುದು, ಮೇಲಿನ ಚಾವಣಿಯ ಮುಂದಿನ ಅಂಚೂ ಇರಬಹುದು. ನೀರಿನ ಕೆಳಗೆ ಮುಳುಗಿರುವ ಆಳ ಬೇರೆ ಲೆಕ್ಕ, ಅದು ಡ್ರಾಫ್ಟ್.

ಗ್ರೇಟ್ ಲೂಪ್‌ಗೆ ಎಷ್ಟು ಎತ್ತರದೊಳಗೆ ಇರಬೇಕು?

ಮೂರು ಅಂಕಿ ನೆನಪಿಡಿ: 19 ಅಡಿ 6 ಇಂಚು, 17 ಅಡಿ, 15 ಅಡಿ 6 ಇಂಚು.

ಮೊದಲನೆಯದು ತಪ್ಪಿಸಲಾಗದ್ದು. ಶಿಕಾಗೊ ಸ್ಯಾನಿಟರಿ ಅಂಡ್ ಶಿಪ್ ಕಾಲುವೆಯಲ್ಲಿ, ಲೆಮಾಂಟ್ ಊರಿನ ಹತ್ತಿರ, ಇಲಿನಾಯ್ ಜಲಮಾರ್ಗದ 300.6ನೇ ಮೈಲಿಯಲ್ಲಿ ಒಂದು ರೈಲು ಸೇತುವೆ ಇದೆ. ಅದು ಎತ್ತುವ ಸೇತುವೆಯಲ್ಲ. ಅದರ ಕೆಳಗೆ ಸಿಗುವುದು ಸುಮಾರು 19 ಅಡಿ 6 ಇಂಚು. ಮಿಶಿಗನ್ ಸರೋವರದಿಂದ ಒಳಗೆ ಬರಲು ಎರಡು ದಾರಿ ಇದ್ದರೂ ಎರಡೂ ಈ ಸೇತುವೆಗಿಂತ ಮೊದಲೇ, 303ನೇ ಮೈಲಿಯ ಆಸುಪಾಸಿನಲ್ಲಿ, ಒಂದಾಗುತ್ತವೆ (ಸರೋವರದಿಂದ ದೂರ ಸಾಗಿದಂತೆ ಮೈಲಿ ಸಂಖ್ಯೆ ಇಳಿಯುತ್ತದೆ). ಆದ್ದರಿಂದ ಯಾವ ದಾರಿ ಹಿಡಿದರೂ ಲೆಮಾಂಟ್ ಸೇತುವೆಯ ಅಡಿಯಲ್ಲಿ ನುಸುಳಲೇಬೇಕು. ನಿಮ್ಮ ಬೋಟು ಇದಕ್ಕಿಂತ ಎತ್ತರವಾಗಿದ್ದು, ಇಳಿಸಲೂ ಆಗದಿದ್ದರೆ ಆ ಬೋಟಿನಲ್ಲಿ ಲೂಪ್ ಪೂರ್ತಿಯಾಗುವುದಿಲ್ಲ.

ಎರಡನೆಯದು ಶಿಕಾಗೊ ನಗರದ ನಡುವೆ ಹಾದು ಹೋಗುವವರಿಗೆ. ಅಲ್ಲಿನ ಎತ್ತುವ ಸೇತುವೆಗಳು ಮುಚ್ಚಿದ್ದಾಗ ಸಿಗುವುದು 17 ಅಡಿ. ವಸಂತದಲ್ಲೂ ಶರತ್ಕಾಲದಲ್ಲೂ ಹಾಯಿದೋಣಿಗಳ ಸಲುವಾಗಿ ನಿಗದಿತ ದಿನಗಳಲ್ಲಿ ಸಾಲಾಗಿ ಎತ್ತುತ್ತಾರೆಯೇ ಹೊರತು ಒಂದು ಮೋಟಾರು ಬೋಟು ಬಂತೆಂದು ಎತ್ತುವುದಿಲ್ಲ. 17 ಅಡಿಗೆ ಇಳಿಯಲಾಗದವರು ದಕ್ಷಿಣದ ಕ್ಯಾಲುಮೆಟ್ ಕಡೆಯಿಂದ, ಕ್ಯಾಲ್-ಸ್ಯಾಗ್ ಕಾಲುವೆಯಲ್ಲಿ ಬರುತ್ತಾರೆ. ಗಗನಚುಂಬಿಗಳ ನಡುವೆ ನೀರಿನಲ್ಲಿ ಸಾಗುವ ಆ ಒಂದೆರಡು ಗಂಟೆ ಕಳೆದುಕೊಳ್ಳಬಾರದ್ದು. ಸಾಧ್ಯವಿದ್ದರೆ 17ಕ್ಕೆ ಇಳಿಸಿ ಎಂದೇ ನನ್ನ ಸಲಹೆ.

ಮೂರನೆಯದು ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯ ಪಶ್ಚಿಮ ಭಾಗದ್ದು. ಹಡ್ಸನ್ ಬದಿಯ ವಾಟರ್‌ಫರ್ಡ್‌ನಿಂದ ಥ್ರೀ ರಿವರ್ಸ್‌ವರೆಗೆ, ಅಲ್ಲಿಂದ ಓಸ್ವೀಗೊ ಕಾಲುವೆಯಲ್ಲಿ ಒಂಟಾರಿಯೊ ಸರೋವರದವರೆಗೆ ಸುಮಾರು 21 ಅಡಿ ಸಿಗುತ್ತದೆ. ಥ್ರೀ ರಿವರ್ಸ್‌ನಿಂದ ಪಶ್ಚಿಮಕ್ಕೆ, ಬಫಲೊ ದಿಕ್ಕಿಗೆ ಹೊರಟರೆ 15 ಅಡಿ 6 ಇಂಚು ಮಾತ್ರ. ಫೇರ್‌ಪೋರ್ಟ್, ಬ್ರಾಕ್‌ಪೋರ್ಟ್, ಮೆಡೀನಾದಂಥ ಹಳೆಯ ಕಾಲುವೆ ಊರುಗಳೆಲ್ಲ ಇರುವುದು ಈ ತಗ್ಗು ಭಾಗದಲ್ಲೇ.

ಒಂದು ಎಚ್ಚರಿಕೆ: ಲಾಕ್‌ಪೋರ್ಟ್ ಎಂಬ ಊರು ಈರಿ ಕಾಲುವೆಯ ಮೇಲೂ ಇದೆ, ಇಲಿನಾಯ್‌ನಲ್ಲೂ ಇದೆ. ಯಾರಾದರೂ ಲಾಕ್‌ಪೋರ್ಟ್ ಸೇತುವೆಯ ಎತ್ತರ ಹೇಳಿದರೆ ಯಾವ ಲಾಕ್‌ಪೋರ್ಟ್ ಎಂದು ಕೇಳಿಕೊಳ್ಳಿ.

ಬೋಟು ತಯಾರಿಸಿದ ಕಂಪನಿಯ ಪುಸ್ತಕದಲ್ಲಿ ಎತ್ತರ ಬರೆದಿದೆ. ಮತ್ತೆ ಅಳೆಯಬೇಕೆ?

ಅಳೆಯಲೇಬೇಕು. ಪುಸ್ತಕದಲ್ಲಿರುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಬೋಟು. ಆಮೇಲೆ ಹಿಂದಿನ ಮಾಲೀಕರು ರೇಡಾರ್ ಕೂರಿಸಿರುತ್ತಾರೆ, ಉಪಗ್ರಹ ಟಿವಿಯ ಗುಮ್ಮಟ ಸೇರಿಸಿರುತ್ತಾರೆ, ಕ್ಯಾನ್ವಾಸ್ ಚಾವಣಿ ತೆಗೆದು ಫೈಬರ್ ಚಾವಣಿ ಹಾಕಿಸಿರುತ್ತಾರೆ. ಕೆಲವು ಪುಸ್ತಕಗಳು ಕಂಬವನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಮಾರುವವರ ಬಾಯಿಮಾತಂತೂ ಬೇಡವೇ ಬೇಡ.

ಹಾಗಾದರೆ ಅಳೆಯುವುದು ಹೇಗೆ?

ಗಾಳಿಯಿಲ್ಲದ ಮುಂಜಾನೆ, ಬೋಟು ಕಟ್ಟೆಗೆ ಸಡಿಲವಾಗಿ ಕಟ್ಟಿರುವಾಗ ಅಳೆಯಿರಿ. ಎರಡು ಹಂತದಲ್ಲಿ ಮಾಡಿದರೆ ಸುಲಭ. ಮೊದಲು ಚಾವಣಿಯ ಎತ್ತರ: ಒಂದು ನೇರವಾದ ಮರದ ಪಟ್ಟಿಯನ್ನು ಚಾವಣಿಯ ಮೇಲಿಟ್ಟು ಬೋಟಿನ ಪಕ್ಕಕ್ಕೆ ಹೊರಚಾಚಿ, ಸ್ಪಿರಿಟ್ ಲೆವೆಲ್‌ನಿಂದ ಮಟ್ಟ ನೋಡಿ, ಅದರ ತುದಿಯಿಂದ ಟೇಪನ್ನು ನೀರಿನವರೆಗೆ ಇಳಿಬಿಡಿ. ಆಮೇಲೆ ಅದೇ ಪಟ್ಟಿಯ ಮಟ್ಟದಿಂದ ಕಂಬದ ತುದಿಯವರೆಗೆ ನೇರ ಮೇಲಕ್ಕೆ ಅಳೆದು ಎರಡನ್ನೂ ಕೂಡಿಸಿ. ಎಡಬಲ ಎರಡೂ ಕಡೆ ಅಳೆದು ಸರಾಸರಿ ಹಿಡಿಯಿರಿ, ಏಕೆಂದರೆ ಟೇಪು ಹಿಡಿದು ಬದಿಗೆ ನಿಂತ ಮನುಷ್ಯನ ಭಾರಕ್ಕೇ ಬೋಟು ಆ ಕಡೆ ವಾಲುತ್ತದೆ.

ನಮ್ಮೂರಲ್ಲಿ ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಬಳಸುವುದನ್ನು ನೋಡಿರುತ್ತೀರಿ. ಅದೂ ಇಲ್ಲಿ ಚೆನ್ನಾಗಿ ಒದಗುತ್ತದೆ. ಪೈಪಿನ ಒಂದು ತುದಿ ಬೋಟಿನ ಅತಿ ಎತ್ತರದ ಜಾಗದಲ್ಲಿ, ಇನ್ನೊಂದು ಕಟ್ಟೆಯ ಮೇಲೆ ನೆಟ್ಟಗೆ ಹಿಡಿದ ಕೋಲಿನ ಪಕ್ಕದಲ್ಲಿ. ನೀರು ನಿಂತ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ, ಅಲ್ಲಿಂದ ಕೆಳಗಿನ ನೀರಿನವರೆಗೆ ಅಳೆದರೆ ಆಯಿತು.

ಇಂಧನ ಮತ್ತು ಕುಡಿಯುವ ನೀರಿನ ಟ್ಯಾಂಕುಗಳು ಬಹುತೇಕ ಖಾಲಿ ಇರುವಾಗ ಅಳೆಯುವುದು ಮುಖ್ಯ. ಬೋಟು ಅತಿ ಹಗುರಾಗಿದ್ದಾಗ ಅತಿ ಎತ್ತರದಲ್ಲಿರುತ್ತದೆ. ಆ ಅಂಕಿಯನ್ನೇ ಚುಕ್ಕಾಣಿಯ ಎದುರು ದೊಡ್ಡದಾಗಿ ಬರೆದು ಅಂಟಿಸಿ. ಕಂಬ ನಿಂತಿರುವಾಗ ಇಷ್ಟು, ಮಡಚಿದಾಗ ಇಷ್ಟು ಎಂದು ಎರಡೂ ಇರಲಿ.

ಇಳಿಸಲು ಮೊದಲು ಏನು ತೆಗೆಯಬೇಕು?

ಮೇಲಿನಿಂದ ಕೆಳಕ್ಕೆ ಬನ್ನಿ. ವಿಎಚ್‌ಎಫ್ ರೇಡಿಯೊದ ಉದ್ದ ಆಂಟೆನಾಗಳು ಸಾಮಾನ್ಯವಾಗಿ ಮಡಚುವ ತಳದ ಮೇಲೇ ಇರುತ್ತವೆ, ಅವು ಕ್ಷಣದ ಕೆಲಸ. ಎಲ್ಲವನ್ನೂ ಮಲಗಿಸಿದರೆ ರೇಡಿಯೊ ದೂರಕ್ಕೆ ಕೇಳದು, ಆದ್ದರಿಂದ ಕೈಯಲ್ಲಿ ಹಿಡಿಯುವ ರೇಡಿಯೊ ಒಂದು ಜೊತೆಗಿರಲಿ. ನಂತರ ಕಂಬ, ಅದರ ಮೇಲಿನ ರೇಡಾರ್ ಮತ್ತು ದೀಪ. ಅದರ ನಂತರ ಕ್ಯಾನ್ವಾಸ್ ಚಾವಣಿ ಮತ್ತು ಅದರ ಪೈಪುಗಳು. ಮೇಲಂತಸ್ತಿನ ಗಾಳಿಗಾಜು ತೆಗೆಯುವಂತಿದ್ದರೆ ಅದು. ಗಟ್ಟಿ ಫೈಬರ್ ಚಾವಣಿ ಬಿಚ್ಚುವುದು ಕೊನೆಯ ಉಪಾಯ. ಕ್ರೇನ್ ಬೇಕು, ಬಿಚ್ಚಿದ್ದನ್ನು ಇಡಲು ಜಾಗ ಬೇಕು, ಮತ್ತೆ ಕೂರಿಸುವಾಗ ನೀರು ಸೋರದಂತೆ ನೋಡಿಕೊಳ್ಳಬೇಕು.

ಬಹುತೇಕ ಬೋಟುಗಳಿಗೆ ಕಂಬ ಮಡಚುವುದರಲ್ಲೇ ಕೆಲಸ ಮುಗಿಯುತ್ತದೆ. ಹಾಗೆ ಮುಗಿಯುವಂಥ ಬೋಟನ್ನೇ ಆರಿಸಿ ಕೊಳ್ಳುವುದು ಜಾಣತನ.

ಕಂಬಕ್ಕೆ ಹಿಂಜ್ ಹಾಕಿಸುವಾಗ ಏನೇನು ಗಮನಿಸಬೇಕು?

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ.

ಕಂಬ ಹಿಂದಕ್ಕೆ ಮಲಗುವುದು ವಾಡಿಕೆ. ಮಲಗಿದಾಗ ಅದು ಎಲ್ಲಿ ಬಂದು ಕೂರುತ್ತದೆ ಎಂದು ಮೊದಲೇ ನೋಡಿ. ಹಿಂಭಾಗದಲ್ಲಿ ಚಿಕ್ಕ ದೋಣಿ ಎತ್ತುವ ಕ್ರೇನ್ ಇದ್ದರೆ ಎರಡೂ ಒಂದಕ್ಕೊಂದು ತಾಗಬಾರದು. ಮಲಗಿದ ಕಂಬದ ತುದಿಗೆ ಒಂದು ಆಸರೆ ಬೇಕು, ಇಲ್ಲದಿದ್ದರೆ ಅಲೆಗೆ ಕುಲುಕಿ ಕುಲುಕಿ ಹಿಂಜ್ ಸಡಿಲವಾಗುತ್ತದೆ. ಹಿಂಜ್ ಕೂರುವ ಜಾಗದಲ್ಲಿ ಚಾವಣಿಯ ಒಳಗಡೆಯಿಂದ ದಪ್ಪ ತಗಡು ಕೊಟ್ಟು ಬೋಲ್ಟ್ ಬಿಗಿಯಬೇಕು, ಬರೀ ಸ್ಕ್ರೂ ಸಾಲದು. ಲೋಹ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, ಏಕೆಂದರೆ ಲೂಪ್‌ನ ದೊಡ್ಡ ಭಾಗ ಉಪ್ಪುನೀರು.

ರೇಡಾರ್ ಹೊತ್ತ ಕಂಬವನ್ನು ಒಬ್ಬರೇ ಕೈಯಲ್ಲಿ ಹಿಡಿದು ಇಳಿಸುವ ಸಾಹಸ ಬೇಡ. ಹಗ್ಗ, ರಾಟೆ, ಸಾಧ್ಯವಿದ್ದರೆ ಭಾರವನ್ನು ತಡೆದು ಮೆಲ್ಲಗೆ ಇಳಿಸುವ ಗ್ಯಾಸ್ ಸ್ಟ್ರಟ್ ಹಾಕಿಸಿ. ಹಗ್ಗದ ತುದಿಯನ್ನು ಕೆಳಗಿನಿಂದಲೇ ಬಿಡುವಂತಿದ್ದರೆ ಯಾರೂ ಮೇಲೆ ಹತ್ತಬೇಕಾಗಿಲ್ಲ.

ವೈರುಗಳು ಹಿಂಜ್ ಹತ್ತಿರ ಬಾಗುತ್ತವೆ. ಅಲ್ಲಿ ಧಾರಾಳವಾಗಿ ಒಂದು ಸುತ್ತು ವೈರು ಬಿಟ್ಟಿರಬೇಕು. ಆಂಟೆನಾದ ಕೇಬಲ್ ಚೂಪಾಗಿ ಬಾಗಿದರೆ ಒಳಗೇ ಹಾಳಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ರೇಡಾರನ್ನು ಮಡಚುವ ಮೊದಲು ಅದರ ಪ್ರಸಾರ ನಿಲ್ಲಿಸಿ. ಮಲಗಿದ ರೇಡಾರ್‌ನ ಕಿರಣ ನೇರ ಹಿಂಭಾಗದಲ್ಲಿ ಕೂತವರ ಮೇಲೆ ಬೀಳಬಾರದು.

ಹಿಂಜ್ ಆದ ಮೇಲೆ ಕಟ್ಟೆಯಲ್ಲೇ ಒಮ್ಮೆ ಮಡಚಿ ಮತ್ತೆ ಅಳೆಯಿರಿ. ಕಂಬ ಮಲಗಿದ ಮೇಲೆ ಅತಿ ಎತ್ತರದ್ದು ಯಾವುದು ಎಂಬುದು ಅಚ್ಚರಿ ತರಬಹುದು: ಹಾರ್ನ್, ಸರ್ಚ್‌ಲೈಟ್, ಇಲ್ಲವೇ ಆ ಹಿಂಜ್‌ನ ತಲೆಯೇ.

ಬೋಟಿಗೆ ಭಾರ ತುಂಬಿ ಕೆಳಕ್ಕಿಳಿಸಬಹುದಲ್ಲ? ನೀರು ತುಂಬಿದರೆ ಸಾಕಲ್ಲವೆ?

ತುಂಬಾ ಜನ ಕೇಳುವ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. 12 ಮೀಟರ್ ಉದ್ದ, 4 ಮೀಟರ್ ಅಗಲದ ಬೋಟು ನೀರಿನ ಮಟ್ಟದಲ್ಲಿ ಆವರಿಸುವ ಜಾಗ, ಮುಂಭಾಗ ಚೂಪಾಗಿರುವುದನ್ನು ಕಳೆದರೆ, ಸುಮಾರು 38 ಚದರ ಮೀಟರ್. ಅದು 1 ಸೆಂಟಿಮೀಟರ್ ಮುಳುಗಬೇಕಾದರೆ 380 ಕೆಜಿ ಭಾರ ಬೇಕು. ಒಂದು ಟನ್ ನೀರು ತುಂಬಿದರೆ ಇಳಿಯುವುದು ಎರಡೂವರೆ ಸೆಂಟಿಮೀಟರ್ ಚಿಲ್ಲರೆ, ಅಂದರೆ ಒಂದು ಇಂಚು. ತಲಾ 70 ಕೆಜಿಯ 15 ನೆಂಟರನ್ನು ಹತ್ತಿಸಿಕೊಂಡರೂ ಅಷ್ಟೇ. ಅರ್ಧ ಅಡಿ ಇಳಿಸಬೇಕೆಂದರೆ ಸುಮಾರು 6 ಟನ್ ಬೇಕು. ಆ ಗಾತ್ರದ ಬೋಟೇ 12 ಟನ್ ಆಸುಪಾಸು ತೂಗಬಹುದು. ಅದರ ಅರ್ಧದಷ್ಟು ಭಾರವನ್ನು ಮೇಲೆ ಹೇರುವುದು ಅಪಾಯ.

ಅದೂ ಅಲ್ಲದೆ ಅರ್ಧ ತುಂಬಿದ ಟ್ಯಾಂಕಿನ ನೀರು ಬೋಟು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಕೆಲವರು ಒಳಕೋಣೆಯ ನೆಲದ ಕೆಳಗೆ, ಬಿಲ್ಜ್‌ಗೇ ನೀರು ಬಿಡುತ್ತಾರೆಂದು ಕೇಳುತ್ತೇವೆ. ದಯವಿಟ್ಟು ಮಾಡಬೇಡಿ. ಅಲ್ಲಿ ವೈರು, ಪಂಪು, ಎಂಜಿನ್ ಎಲ್ಲ ಇವೆ, ಮತ್ತು ಅಂಕೆಯಿಲ್ಲದೆ ಓಡಾಡುವ ನೀರಿನಷ್ಟು ಬೋಟಿಗೆ ಕೆಟ್ಟದ್ದು ಇನ್ನೊಂದಿಲ್ಲ.

ಭಾರಕ್ಕೆ ಒಂದು ಸಣ್ಣ ಪಾತ್ರ ಇದೆ. ಕೊರತೆ ಒಂದಿಂಚು ಮಾತ್ರ ಇದ್ದರೆ, ಹೇಗಿದ್ದರೂ ತುಂಬಿಸಬೇಕಾದ ಟ್ಯಾಂಕುಗಳನ್ನು ಸೇತುವೆಗೆ ಮೊದಲೇ ತುಂಬಿಸಿ. 1,500 ಲೀಟರ್ ಡೀಸೆಲ್ ಈ ಲೆಕ್ಕದ ಬೋಟನ್ನು 3 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಇಳಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಭಾರದ ಯೋಚನೆ ಬಿಟ್ಟು ಸ್ಪ್ಯಾನರ್ ಕೈಗೆತ್ತಿಕೊಳ್ಳಿ.

ಸಮುದ್ರದಿಂದ ಸಿಹಿನೀರಿಗೆ ಬಂದರೆ ಎತ್ತರ ಬದಲಾಗುತ್ತದೆಯೆ?

ಹೌದು, ನಮಗೆ ಅನುಕೂಲವಾಗುವಂತೆ. ಸಿಹಿನೀರು ಹಗುರ, ಬೋಟು ತುಸು ಹೆಚ್ಚು ಮುಳುಗುತ್ತದೆ. ಮೇಲಿನ 12 ಟನ್ ಬೋಟಿಗೆ ವ್ಯತ್ಯಾಸ 1 ಸೆಂಟಿಮೀಟರ್‌ಗಿಂತ ಕಡಿಮೆ. ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನಕ್ಷೆಯಲ್ಲಿ 19 ಅಡಿ 6 ಇಂಚು ಎಂದಿದ್ದರೆ ಆ ದಿನವೂ ಅಷ್ಟೇ ಇರುತ್ತದೆಯೆ?

ಇರಲೇಬೇಕೆಂದಿಲ್ಲ. ನಕ್ಷೆಯ ಅಂಕಿ ಒಂದು ನಿಗದಿತ ನೀರಿನ ಮಟ್ಟಕ್ಕೆ ಸಂಬಂಧಿಸಿದ್ದು. ಕರಾವಳಿಯಲ್ಲಿ ಅದು ಸರಾಸರಿ ಭರತದ ಮಟ್ಟ, ಕಾಲುವೆಗಳಲ್ಲಿ ಎರಡು ಲಾಕ್‌ಗಳ (ಬೋಟನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲುಳ್ಳ ತೊಟ್ಟಿಗಳ) ನಡುವೆ ನಿಲ್ಲಿಸುವ ಸಾಮಾನ್ಯ ಮಟ್ಟ.

ಈರಿ ಕಾಲುವೆಯ ಪೂರ್ವ ಭಾಗ ಬಹುಮಟ್ಟಿಗೆ ಮೊಹಾಕ್ ನದಿಯೇ. ಜೋರು ಮಳೆ ಬಿದ್ದರೆ ನದಿ ಏರುತ್ತದೆ, ಸೇತುವೆಯ ಕೆಳಗಿನ ಜಾಗ ಕುಗ್ಗುತ್ತದೆ. ಶಿಕಾಗೊ ಕಡೆಯ ಸಂಗತಿ ಇದಕ್ಕೆ ತಿರುವುಮುರುವು. 1900ರಲ್ಲಿ ತೆರೆದ ಆ ಕಾಲುವೆ ಶಿಕಾಗೊ ನದಿಯ ಹರಿವನ್ನೇ ಸರೋವರದಿಂದ ಹಿಂದಕ್ಕೆ ತಿರುಗಿಸಿತು. ಇಂದಿಗೂ ಅದು ನಗರದ ಮಳೆನೀರನ್ನು ಹೊರಸಾಗಿಸುತ್ತದೆ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಜಾಗ ಮಾಡಿಕೊಳ್ಳಲು ಕಾಲುವೆಯ ನೀರನ್ನು ಮೊದಲೇ ಇಳಿಸುತ್ತಾರೆ. ಆಗ ಸೇತುವೆಯ ಕೆಳಗೆ ಹೆಚ್ಚು ಜಾಗ ಸಿಗುತ್ತದೆ, ಸೆಳೆತವೂ ಹೆಚ್ಚುತ್ತದೆ. ಮಳೆ ಸುರಿದ ಮೇಲೆ ಮಟ್ಟ ಏರಿಬಿಡಬಹುದು. ಈ ಕಾಲುವೆಯ ಮಟ್ಟವನ್ನು ಲಾಕ್‌ಗಳಿಂದ ನಿಯಂತ್ರಿಸುವುದರಿಂದ ಮಿಶಿಗನ್ ಸರೋವರದ ಮಟ್ಟ ನೋಡಿ ಅಂದಾಜು ಮಾಡಲಾಗದು. ಲಾಕ್‌ನವರನ್ನೇ ರೇಡಿಯೊದಲ್ಲಿ ಕೇಳಿ: ಇಲಿನಾಯ್ ಕಡೆ 14ನೇ ಚಾನೆಲ್, ಈರಿ ಕಾಲುವೆಯಲ್ಲಿ 13ನೇ ಚಾನೆಲ್. ಇವತ್ತಿನ ಮಟ್ಟ ಎಷ್ಟು ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಎಷ್ಟು ಅಂತರ ಇಟ್ಟುಕೊಳ್ಳಬೇಕು?

ನಿಂತ ನೀರಿನಲ್ಲೂ ಕನಿಷ್ಠ ಅರ್ಧ ಅಡಿ ಇರಲಿ. ಸರಕು ತೆಪ್ಪಗಳನ್ನು ತಳ್ಳುವ ಟೋ ಬೋಟುಗಳು ಶಿಕಾಗೊ ಕಾಲುವೆಯಲ್ಲಿ ಸದಾ ಓಡಾಡುತ್ತವೆ. ಕಾಲುವೆಯ ಗೋಡೆ ಕಲ್ಲಿನದು, ಎದ್ದ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತಲೇ ಇರುತ್ತದೆ. ಒಂದು ಟೋ ಹಾದು ಹೋದ ಮೇಲೆ ನೀರು ತಣ್ಣಗಾಗುವವರೆಗೆ ಕಾಯಿರಿ. ಅದರ ಜೊತೆಜೊತೆಗೇ ಸೇತುವೆ ನುಸುಳಬೇಡಿ.

ವೇಗವಾಗಿ ಹೋದರೆ ಬೋಟಿನ ಹಿಂಭಾಗ ಕುಗ್ಗುತ್ತದೆ. ಅದನ್ನೇ ಬಳಸಿಕೊಳ್ಳಬಹುದೆ?

ಬೇಡ. ಹಿಂಭಾಗ ಕುಗ್ಗಿದರೆ ಮುಂಭಾಗ ಏರುತ್ತದೆ, ತಾಗಿದರೆ ಪೂರ್ತಿ ವೇಗದಲ್ಲಿ ತಾಗುತ್ತದೆ.

ಸೇತುವೆ ಹತ್ತಿರ ಬಂದಾಗ ನಡೆಸುವ ರೀತಿ ಹೇಗೆ?

ನಿಧಾನ, ಚುಕ್ಕಾಣಿ ಹಿಡಿತದಲ್ಲಿರುವಷ್ಟೇ ವೇಗ. ಬೋಟಿನ ಮುಂತುದಿಯಲ್ಲಿ, ನಿಮ್ಮ ಅತಿ ಎತ್ತರಕ್ಕಿಂತ ಎರಡು ಮೂರು ಇಂಚು ಹೆಚ್ಚಾಗಿ, ಒಂದು ತೆಳ್ಳನೆಯ ಪಿವಿಸಿ ಪೈಪು ನೆಟ್ಟರೆ ಅದೇ ಮೊದಲು ಸೇತುವೆಗೆ ತಾಗಿ ಎಚ್ಚರಿಸುತ್ತದೆ. ಅದು ತಾಗಿದ ಗಳಿಗೆಯಿಂದ ಕಂಬ ತಲುಪುವುದರೊಳಗೆ ನಿಲ್ಲಿಸಬಲ್ಲಷ್ಟು ನಿಧಾನವಾಗಿದ್ದರೆ ಮಾತ್ರ ಅದರಿಂದ ಉಪಯೋಗ.

ಆಯ್ಕೆ ಇದ್ದಾಗ ಸೆಳೆತಕ್ಕೆ ಎದುರಾಗಿ ಹೋಗಿ, ನೀರೇ ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಲೆಮಾಂಟ್‌ನಲ್ಲಿ ಆ ಆಯ್ಕೆ ಇಲ್ಲ, ಸೆಳೆತ ನಿಮ್ಮನ್ನು ಸೇತುವೆಯ ಕಡೆಗೇ ಒಯ್ಯುತ್ತದೆ. ಅಂತರ ತೀರಾ ಕಡಿಮೆ ಎನಿಸಿದರೆ ಮೊದಲೇ ಬೋಟು ತಿರುಗಿಸಿ, ಮೂತಿ ಸೆಳೆತಕ್ಕೆ ಎದುರಾಗಿ ಇಟ್ಟು, ಎಂಜಿನ್ ಮೆಲ್ಲಗೆ ಮುಂದಕ್ಕೆ ಓಡಿಸುತ್ತಾ ಹಿಂದೆ ಹಿಂದೆ ಜಾರಿಬನ್ನಿ. ತಾಗುವಂತಿದೆ ಅನಿಸಿದ ಕೂಡಲೇ ಎಂಜಿನ್ ಸ್ವಲ್ಪ ಜೋರು ಮಾಡಿದರೆ ಬೋಟು ಸೇತುವೆಯಿಂದ ದೂರ ಸರಿಯುತ್ತದೆ. ಗಾಳಿ ಜೋರಿದ್ದ ದಿನ ಇದನ್ನು ಮಾಡಬೇಡಿ.

ಮೇಲಂತಸ್ತಿನಲ್ಲಿ ಇರುವವರೆಲ್ಲ ಕೆಳಗಿಳಿಯಬೇಕು. ಮಕ್ಕಳು ಮೊದಲು. ಕೈ ಎತ್ತಿ ಸೇತುವೆಯನ್ನು ತಳ್ಳುವುದು, ಕಂಬ ಹಿಡಿದು ಕಾಪಾಡುವುದು ಯಾರಿಗೂ ಸಲ್ಲದು. ಹತ್ತಾರು ಟನ್ ಬೋಟಿಗೂ ಉಕ್ಕಿನ ತೊಲೆಗೂ ನಡುವೆ ಕೈ ಸಿಕ್ಕರೆ ಕೈ ಉಳಿಯುವುದಿಲ್ಲ. ಆಂಟೆನಾ ಮುರಿದರೆ ಅಂಗಡಿಯಲ್ಲಿ ಸಿಗುತ್ತದೆ.

ಎತ್ತುವ ಸೇತುವೆ ಇದ್ದರೆ ಎತ್ತಿ ಎಂದು ಕೇಳಬಹುದಲ್ಲ?

ಕೇಳಬಹುದು, ಒಂದು ಷರತ್ತಿನ ಮೇಲೆ. ಸುಲಭವಾಗಿ ಇಳಿಸಬಹುದಾದ ಆಂಟೆನಾ, ಮೀನು ಹಿಡಿಯುವ ಔಟ್‌ರಿಗರ್‌ನಂಥ ವಸ್ತುಗಳಿಗಾಗಿ ಸೇತುವೆ ಎತ್ತಿಸುವುದು ಅಮೆರಿಕದ ಕೇಂದ್ರ ನಿಯಮಕ್ಕೆ ವಿರುದ್ಧ, ದಂಡವೂ ಬೀಳಬಹುದು. ಅದನ್ನು ಮಡಚಿ ಸಾಗಬೇಕು. ಸೇತುವೆ ಎತ್ತಿದರೆ ರಸ್ತೆಯಲ್ಲಿ ನೂರಾರು ವಾಹನಗಳು ನಿಲ್ಲುತ್ತವೆ, ನಿಯಮ ನ್ಯಾಯವಾದದ್ದೇ.

ಕಂಬ ಮಲಗಿಸಿದರೆ ದೀಪದ ನಿಯಮಕ್ಕೆ ಏನಾಗುತ್ತದೆ?

12ರಿಂದ 20 ಮೀಟರ್ ಉದ್ದದ ಬೋಟಿಗೆ ಮುಂದಿನ ಬಿಳಿ ದೀಪ ಬೋಟಿನ ಅಂಚಿಗಿಂತ ಕನಿಷ್ಠ 2.5 ಮೀಟರ್ ಎತ್ತರದಲ್ಲಿರಬೇಕು. ಕಂಬದ ಜೊತೆ ದೀಪವೂ ಮಲಗಿದರೆ ರಾತ್ರಿ ಸಾಗುವಂತಿಲ್ಲ. ಹಗಲಿನಲ್ಲೇ ದಾಟಿ. ಕಂಬ ಮಲಗಿದ್ದಾಗಲೇ ರಾತ್ರಿ ಲಂಗರು ಹಾಕಬೇಕಾಗಿ ಬಂದರೆ, ಸುತ್ತಲೂ ಕಾಣುವ ಬಿಳಿ ದೀಪವೊಂದನ್ನು ತಾತ್ಕಾಲಿಕವಾಗಿ ತೂಗುಹಾಕಿ.

ಯುರೋಪಿನ ಕಮಾನು ಸೇತುವೆಗಳಿಗೂ ಇದೇ ಲೆಕ್ಕವೆ?

ಅಲ್ಲಿ ಎತ್ತರದ ಜೊತೆಗೆ ಅಗಲವೂ ಲೆಕ್ಕ. ಫ್ರಾನ್ಸಿನ ಕನಾಲ್ ದ್ಯು ಮಿದಿ 1681ರಲ್ಲಿ ಮುಗಿದದ್ದು. ಅದರ ಕಲ್ಲಿನ ಕಮಾನುಗಳ ನಟ್ಟನಡುವೆ ಸುಮಾರು 3.3 ಮೀಟರ್ ಸಿಗುತ್ತದೆ, ಬದಿಗೆ ಸರಿದಂತೆ ಕಡಿಮೆಯಾಗುತ್ತದೆ. ಅಲ್ಲಿ ಬೋಟುಗಳು ಪೆಟ್ಟು ತಿನ್ನುವುದು ಹೆಚ್ಚಾಗಿ ಚಾವಣಿಯ ಎಡಬಲ ಮೂಲೆಗಳಲ್ಲಿ. ಕಾಪೆಸ್ತಾಂಗ್ ಊರಿನ ಸೇತುವೆ ಇದಕ್ಕೇ ಹೆಸರುವಾಸಿ. ಬೋಟನ್ನು ಎದುರಿನಿಂದ ನೋಡಿದ ಆಕಾರವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದು, ಕಮಾನಿನ ಚಿತ್ರದ ಒಳಗೆ ಇಟ್ಟು ನೋಡುವುದೇ ನಂಬಿಕೆಯ ದಾರಿ.

ಇಂಗ್ಲೆಂಡಿನ ನಾರ್ಫಕ್ ಬ್ರಾಡ್ಸ್‌ನಲ್ಲಿ ಪಾಟರ್ ಹೈಮ್ ಎಂಬಲ್ಲಿ ಮಧ್ಯಯುಗದ ಸೇತುವೆ ಇದೆ. ಬಾಡಿಗೆ ಬೋಟುಗಳನ್ನು ಅಲ್ಲಿ ಪೈಲಟ್, ಅಂದರೆ ಆ ಜಾಗ ಬಲ್ಲ ಸ್ಥಳೀಯ ಚಾಲಕ, ಮಾತ್ರ ದಾಟಿಸಬೇಕು. ನೀರು ಉಬ್ಬರವಿಳಿತಕ್ಕೆ ಸಿಕ್ಕುವುದರಿಂದ ಪೈಲಟ್ ಇವತ್ತು ಆಗದು ಎಂದರೆ ಆಗದು, ವಾದ ಮಾಡುವಂತಿಲ್ಲ.

ಸೇತುವೆಗೆ ತಗುಲಿಯೇಬಿಟ್ಟರೆ?

ಮೆಲ್ಲಗೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ, ಮುಂದಕ್ಕೆ ನುಗ್ಗಬೇಡಿ. ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ. ಕಂಬದ ಬುಡದಲ್ಲಿ ಬಿರುಕು ಹುಡುಕಿ, ಅಲ್ಲಿಂದಲೇ ಮುಂದೆ ಮಳೆನೀರು ಒಳಗಿಳಿಯುವುದು. ಕೋಸ್ಟ್ ಗಾರ್ಡ್‌ಗೆ ತಿಳಿಸಿ. ಹಾನಿ 2,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಇಲ್ಲವೇ ಪ್ರಥಮ ಚಿಕಿತ್ಸೆಗೆ ಮೀರಿದ ಗಾಯವಾಗಿದ್ದರೆ ಲಿಖಿತ ಅಪಘಾತ ವರದಿ ಕಡ್ಡಾಯ.

ಲೆಮಾಂಟ್ ದಾಟಿದ ತಕ್ಷಣ ಕಂಬ ಎತ್ತಬಹುದೆ?

ಆತುರ ಬೇಡ. ಸೇತುವೆ ದಾಟಿ ನಾಲ್ಕೈದು ಮೈಲಿಗೆ, ರೋಮಿಯೋವಿಲ್ ಹತ್ತಿರ, ಏಷ್ಯನ್ ಕಾರ್ಪ್ ಮೀನು ಮಹಾ ಸರೋವರಗಳಿಗೆ ನುಗ್ಗದಂತೆ ನೀರಿನಲ್ಲೇ ವಿದ್ಯುತ್ ಹರಿಸುವ ತಡೆ ಇದೆ. 297.2ರಿಂದ 295.5ನೇ ಮೈಲಿಯವರೆಗೆ ವಿಶೇಷ ನಿಯಮಗಳು: ಹೊರಗಿನ ಡೆಕ್ ಮೇಲೆ ಇರುವವರೆಲ್ಲ ಲೈಫ್ ಜಾಕೆಟ್ ತೊಟ್ಟಿರಬೇಕು, ನಡುವೆ ನಿಲ್ಲುವಂತಿಲ್ಲ. ಆ ನೀರಿಗೆ ಬಿದ್ದರೆ ಪ್ರಾಣಾಪಾಯ. ಕಂಬ ಎತ್ತಲು ಯಾರಾದರೂ ಚಾವಣಿ ಹತ್ತಿ ನಿಂತಿರಬೇಕಾದ ಜಾಗ ಅದಲ್ಲ. ಕಂಬ ಮಲಗಿದಂತೆಯೇ, ಎಲ್ಲರೂ ಒಳಗೆ ಕೂತು ಆ ತುಣುಕು ದಾಟಿ. 291ನೇ ಮೈಲಿಯಲ್ಲಿ ಲಾಕ್‌ಪೋರ್ಟ್ ಲಾಕ್ ಸಿಗುತ್ತದೆ, ಬೋಟನ್ನು ಸುಮಾರು 40 ಅಡಿ ಕೆಳಕ್ಕಿಳಿಸುತ್ತದೆ. ಸರಕು ತೆಪ್ಪಗಳಿಗೆ ಮೊದಲ ಸರದಿ, ನಮ್ಮಂಥವರಿಗೆ ಕೆಲವೊಮ್ಮೆ ಗಂಟೆಗಟ್ಟಲೆ ಕಾಯುವ ಕೆಲಸ. ಅಲ್ಲಿ ದಾಟಿ, ಆ ರಾತ್ರಿ ಕಟ್ಟುವ ಜಾಗಕ್ಕೆ ಬಂದ ಮೇಲೆ ನಿಧಾನವಾಗಿ ಕಂಬ ಎತ್ತಿ, ಪಿನ್ನು ಹಾಕಿ, ದೀಪ, ರೇಡಿಯೊ, ರೇಡಾರ್ ಒಂದೊಂದಾಗಿ ಹಚ್ಚಿ ನೋಡಿ.